ಸರ್ವರ್ ಎರಡಿದ್ದರೆ ಸಾಲದು: ಡೇಟಾಬೇಸ್ ‘ಲಿಸನರ್’ ಎಂಬ ಬಾಗಿಲ ಕಾವಲು

2025ರ ಅಕ್ಟೋಬರ್ 20, ಸೋಮವಾರ. ದೀಪಾವಳಿಯ ನಿಮಿತ್ತ ಮುಂಬಯಿಯ ನಮ್ಮ ಮನೆಗಳಲ್ಲಿ ಎಣ್ಣೆಸ್ನಾನ, ಹಬ್ಬದೂಟದ ಸಡಗರ ನಡೆದಿದ್ದ ಹೊತ್ತು. ಗಡಿಯಾರ ಮಧ್ಯಾಹ್ನ 12 ಗಂಟೆ 18 ನಿಮಿಷ ತೋರಿಸುತ್ತಿದ್ದಾಗ ಅಮೆರಿಕದ ಉತ್ತರ ವರ್ಜೀನಿಯಾದಲ್ಲಿರುವ ಅಮೆಜಾನ್ ವೆಬ್ ಸರ್ವಿಸಸ್ ಸಂಸ್ಥೆಯ ಕೇಂದ್ರದಲ್ಲಿ ಡೈನಮೊಡಿಬಿ ಎಂಬ ಡೇಟಾಬೇಸ್ ಸೇವೆಯು ಕರೆದವರಿಗೆ ಓಗೊಡುವುದನ್ನು ನಿಲ್ಲಿಸಿತು. ಅದರ ಹಿಂದೆಯೇ ಸ್ನ್ಯಾಪ್‌ಚಾಟ್, ಸಿಗ್ನಲ್ ಮುಂತಾದ ಸಂದೇಶ ಸೇವೆಗಳು ತೊಡಕಿಗೆ ಸಿಲುಕಿದವು. ಬ್ರಿಟನ್ನಿನ ಲಾಯ್ಡ್ಸ್ ಬ್ಯಾಂಕಿನ ಗ್ರಾಹಕರಿಗೆ ತಮ್ಮ ಖಾತೆ ನೋಡಲು ಕಷ್ಟವಾಯಿತು. ಮೂಲ ದೋಷವನ್ನು ನಮ್ಮ ಕಾಲಮಾನದ 2 ಗಂಟೆ 55 ನಿಮಿಷಕ್ಕೆ ಸರಿಪಡಿಸಲಾಯಿತಾದರೂ, ಅದರ ಪರಿಣಾಮಗಳು ಸಂಪೂರ್ಣವಾಗಿ ಶಮನಗೊಳ್ಳುವಾಗ ಇಲ್ಲಿ ಮಧ್ಯರಾತ್ರಿ ಕಳೆದು ಎರಡು ಗಂಟೆ ಮೀರಿತ್ತು.

ಇಷ್ಟಕ್ಕೂ ಅಲ್ಲಿ ಕೆಟ್ಟದ್ದೇನು? ಯಂತ್ರಗಳು ಸುಟ್ಟುಹೋಗಲಿಲ್ಲ, ದತ್ತಾಂಶ ಕಳೆದುಹೋಗಲಿಲ್ಲ, ಯಾವ ವೈರಿಯೂ ನುಗ್ಗಲಿಲ್ಲ. ಸಂಸ್ಥೆಯು ತಾನೇ ಪ್ರಕಟಿಸಿದ ವಿವರಣೆಯಂತೆ, ಆ ಡೇಟಾಬೇಸಿನ ಹೆಸರಿಗೆ ಸರಿಯಾದ ವಿಳಾಸವನ್ನು ಬರೆದಿಡುವ ಸ್ವಯಂಚಾಲಿತ ವ್ಯವಸ್ಥೆಯ ಎರಡು ಘಟಕಗಳು ಒಂದನ್ನೊಂದು ತುಳಿದವು. ನಿಧಾನವಾಗಿ ಸಾಗುತ್ತಿದ್ದ ಒಂದು ಘಟಕವು ಹೊಸ ವಿಳಾಸಪಟ್ಟಿಯ ಮೇಲೆ ಹಳೆಯದನ್ನು ಬರೆಯಿತು. ಇನ್ನೊಂದು ಘಟಕವು ‘ಇದು ಹಳತಾಯಿತು’ ಎಂದು ಅದನ್ನು ಅಳಿಸಿಹಾಕಿತು. ಉಳಿದದ್ದು ಖಾಲಿ ಹಾಳೆ. ಮನೆಯಿದೆ, ಮನೆಯೊಳಗೆ ಜನರಿದ್ದಾರೆ, ದೀಪವೂ ಉರಿಯುತ್ತಿದೆ. ಆದರೆ ಊರಿನ ವಿಳಾಸಪುಸ್ತಕದಲ್ಲಿ ಆ ಮನೆಯ ಮುಂದೆ ಏನೂ ಬರೆದಿಲ್ಲ.

ಈ ಘಟನೆಯನ್ನು ದೂರದ ಸುದ್ದಿಯೆಂದು ಓದಿ ಮರೆಯಬಹುದಾಗಿತ್ತು. ಆದರೆ ಇದೇ ಬಗೆಯ ದೋಷವು ನಮ್ಮ ಪಿಂಚಣಿ ಜಮೆಯಾಗುವ ಬ್ಯಾಂಕಿನಲ್ಲಿ, ನಮ್ಮ ಮಕ್ಕಳು ರಾತ್ರಿ ಪಾಳಿಯಲ್ಲಿ ದುಡಿಯುವ ಕಚೇರಿಯಲ್ಲಿ, ಆಸ್ಪತ್ರೆಯ ದಾಖಲಾತಿ ಕಟ್ಟೆಯಲ್ಲಿ ಸಣ್ಣ ಪ್ರಮಾಣದಲ್ಲಿ ಆಗಾಗ ಸಂಭವಿಸುತ್ತಲೇ ಇರುತ್ತದೆ. ಅದಕ್ಕೆ ನಾವು ‘ಸರ್ವರ್ ಡೌನ್’ ಎಂಬ ಒಂದೇ ಹೆಸರಿಟ್ಟಿದ್ದೇವೆ. ಅನೇಕ ಸಂದರ್ಭಗಳಲ್ಲಿ ಸರ್ವರ್ ಬಿದ್ದಿರುವುದೇ ಇಲ್ಲ. ಬಿದ್ದಿರುವುದು ಅದರ ಬಾಗಿಲಲ್ಲಿ ಕುಳಿತ ‘ಲಿಸನರ್’, ಅಥವಾ ಆ ಲಿಸನರ್‌ನನ್ನು ತಲುಪುವ ದಾರಿ. ಸುಮಾರು ಎರಡು ದಶಕಗಳ ಕಾಲ ಇಂತಹ ವ್ಯವಸ್ಥೆಗಳ ಸಮೀಪ ಕೆಲಸ ಮಾಡಿದವನಾಗಿ, ಈ ಕಣ್ಣಿಗೆ ಕಾಣದ ದ್ವಾರಪಾಲಕನ ಕುರಿತು ಓದುಗರಿಗೆ ನಾಲ್ಕು ಮಾತು ತಿಳಿಸುವುದು ಉಚಿತವೆನಿಸಿತು.

ಲಿಸನರ್ ಎಂದರೆ ಕೇಳಿಸಿಕೊಳ್ಳುವವನು. ನಮ್ಮ ಹೌಸಿಂಗ್ ಸೊಸೈಟಿಯ ಗೇಟಿನಲ್ಲಿ ಕುಳಿತಿರುವ ಕಾವಲುಗಾರನನ್ನು ನೆನೆಯೋಣ. ಬಂದ ಅತಿಥಿ ಇಂಥವರ ಮನೆ ಎಲ್ಲಿ ಎಂದು ಕೇಳುತ್ತಾನೆ. ಕಾವಲುಗಾರ ತನ್ನ ಪುಸ್ತಕ ನೋಡಿ ದಾರಿ ತೋರಿಸುತ್ತಾನೆ. ಆಮೇಲೆ ಅತಿಥಿ ಮತ್ತು ಮನೆಯವರ ನಡುವಿನ ಮಾತುಕತೆಯಲ್ಲಿ ಅವನಿಗೆ ಯಾವ ಪಾತ್ರವೂ ಇಲ್ಲ. ಬ್ಯಾಂಕುಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಒರಾಕಲ್ ಡೇಟಾಬೇಸಿನಲ್ಲಿ ಈ ಕಾವಲುಗಾರ ಸಾಮಾನ್ಯವಾಗಿ 1521ನೆಯ ಪೋರ್ಟಿನಲ್ಲಿಯೂ, ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 1433ನೆಯ ಪೋರ್ಟಿನಲ್ಲಿಯೂ ಕುಳಿತಿರುತ್ತಾನೆ. ಅವನು ಎದ್ದುಹೋದರೆ ಈಗಾಗಲೇ ಒಳಗಿರುವವರ ಕೆಲಸ ಕೆಡುವುದಿಲ್ಲ. ಹೊಸಬರು ಮಾತ್ರ ಒಳಬರಲಾರರು. ಪಕ್ಕದ ಕೌಂಟರಿನಲ್ಲಿ ಕೆಲಸ ನಡೆಯುತ್ತಿದ್ದರೂ ನಮ್ಮ ಕೌಂಟರಿನ ಹುಡುಗಿ ‘ಸಿಸ್ಟಮ್ ಇಲ್ಲ’ ಎನ್ನುವುದಕ್ಕೆ ಇದೂ ಒಂದು ಕಾರಣವಾಗಿರಬಹುದು. ಆಕೆಯ ಮೇಲೆ ರೇಗಿ ಪ್ರಯೋಜನವಿಲ್ಲ.

ಒಂದೇ ಮನೆ, ಒಬ್ಬನೇ ಕಾವಲುಗಾರ ಇದ್ದ ಕಾಲದಲ್ಲಿ ಸಂಗತಿ ಸರಳವಾಗಿತ್ತು. ಒಂದು ಯಂತ್ರ ಕೆಟ್ಟರೂ ಸೇವೆ ನಿಲ್ಲಬಾರದೆಂಬ ಬೇಡಿಕೆ ಬಂದಾಗ ಕ್ಲಸ್ಟರ್ ಎಂಬ ಏರ್ಪಾಡು ರೂಢಿಗೆ ಬಂದಿತು. ಎರಡು, ನಾಲ್ಕು ಅಥವಾ ಇನ್ನೂ ಹೆಚ್ಚು ಸರ್ವರ್‌ಗಳು ಕೂಡಿ ಒಂದೇ ದತ್ತಾಂಶವನ್ನು ನೋಡಿಕೊಳ್ಳುವುದು ಇದರ ತಿರುಳು. ಒರಾಕಲ್ ಸಂಸ್ಥೆಯು 2001ರಲ್ಲಿ ತನ್ನ 9ಐ ಆವೃತ್ತಿಯೊಂದಿಗೆ ‘ರಿಯಲ್ ಅಪ್ಲಿಕೇಶನ್ ಕ್ಲಸ್ಟರ್ಸ್’, ಸಂಕ್ಷಿಪ್ತವಾಗಿ ರ‍್ಯಾಕ್, ಎಂಬ ವ್ಯವಸ್ಥೆಯನ್ನು ತಂದಿತು. ಯಂತ್ರಗಳ ಸಮಸ್ಯೆ ಬಹುಮಟ್ಟಿಗೆ ಪರಿಹಾರವಾಯಿತು. ಆದರೆ ಗೇಟುಗಳು ಹೆಚ್ಚಾದವು. ಅತಿಥಿ ಯಾವ ಗೇಟಿಗೆ ಹೋಗಬೇಕು? ಆ ಗೇಟು ಮುಚ್ಚಿದ್ದರೆ ಅವನಿಗೆ ಹೇಳುವವರು ಯಾರು?

ಪ್ರಾರಂಭದ ವರ್ಷಗಳಲ್ಲಿ ಇದಕ್ಕಿದ್ದ ಉತ್ತರ ಬಹಳ ಶ್ರಮದಾಯಕವಾದದ್ದು. ಪ್ರತಿಯೊಂದು ಶಾಖೆಯ, ಪ್ರತಿಯೊಂದು ಕಂಪ್ಯೂಟರಿನ ಸಂಪರ್ಕ ಕಡತದಲ್ಲಿ ಎಲ್ಲ ಸರ್ವರ್‌ಗಳ ವಿಳಾಸವನ್ನೂ ಬರೆಯಬೇಕಾಗಿತ್ತು. ಒಂದು ಸರ್ವರ್ ಹೊಸದಾಗಿ ಸೇರಿದರೆ ಅಷ್ಟೂ ಕಡತಗಳನ್ನು ತಿದ್ದಬೇಕು. ತಿದ್ದುವುದನ್ನು ಎಲ್ಲಿಯೋ ಒಂದು ಕಡೆ ಮರೆಯುವುದು ಮನುಷ್ಯ ಸಹಜ. 2009ರಲ್ಲಿ ಬಂದ 11ಜಿ ಎರಡನೆಯ ಬಿಡುಗಡೆಯಲ್ಲಿ ‘ಸ್ಕ್ಯಾನ್’ ಎಂಬ ವಿಧಾನ ಜಾರಿಗೆ ಬಂದ ಮೇಲೆ ಇಡೀ ಸಮೂಹಕ್ಕೆ ಒಂದೇ ಹೆಸರು ಸಾಕಾಯಿತು. ಆ ಹೆಸರಿಗೆ ಡಿಎನ್‌ಎಸ್ ಎಂಬ ವಿಳಾಸಪುಸ್ತಕದಲ್ಲಿ ಸಾಮಾನ್ಯವಾಗಿ ಮೂರು ವಿಳಾಸಗಳನ್ನು ದಾಖಲಿಸುತ್ತಾರೆ. ಸಮೂಹದಲ್ಲಿ ಎಂಟು ಸರ್ವರ್‌ಗಳಿದ್ದರೂ ಸ್ಕ್ಯಾನ್ ಲಿಸನರ್‌ಗಳು ಮೂರೇ. ಕರೆ ಬಂದಾಗ ಸ್ಕ್ಯಾನ್ ಲಿಸನರ್ ಯಾವ ಸರ್ವರಿನ ಮೇಲೆ ಭಾರ ಕಡಿಮೆಯಿದೆಯೆಂದು ನೋಡಿ, ಆ ಸರ್ವರಿನ ಸ್ವಂತ ಲಿಸನರ್ ಕಡೆಗೆ ಕಳುಹಿಸುತ್ತದೆ. ಅಂದರೆ ಮುಖ್ಯ ಗೇಟಿನ ಕಾವಲುಗಾರ ಒಬ್ಬ, ಕಟ್ಟಡದ ಬುಡದ ಕಾವಲುಗಾರ ಇನ್ನೊಬ್ಬ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕ್ಲಸ್ಟರಿನ ಪ್ರತಿ ಸರ್ವರಿಗೂ ತನ್ನ ಸ್ಥಿರ ವಿಳಾಸದ ಜತೆಗೆ ‘ವಿಐಪಿ’ ಎಂಬ ಸಂಚಾರಿ ವಿಳಾಸವೊಂದಿರುತ್ತದೆ. ಸರ್ವರ್ ಕೆಟ್ಟಾಗ ಈ ವಿಳಾಸ ಬದುಕಿರುವ ಮತ್ತೊಂದು ಸರ್ವರಿಗೆ ವರ್ಗಾವಣೆಯಾಗುತ್ತದೆ. ಅಲ್ಲಿಗೆ ಹೋಗಿ ಅದು ಕೆಲಸ ಮುಂದುವರಿಸುತ್ತದೆಯೆಂದೇ ಅನೇಕರು ಭಾವಿಸುತ್ತಾರೆ. ಸಂದರ್ಶನಗಳಲ್ಲಿ ಹೀಗೆಯೇ ಉತ್ತರಿಸಿದ ಪದವೀಧರರನ್ನು ನಾನು ಬಲ್ಲೆ. ವಾಸ್ತವವಾಗಿ ಅದು ಅಲ್ಲಿಗೆ ಹೋಗುವುದು ‘ಇಲ್ಲ’ ಎಂದು ಬೇಗನೆ ಹೇಳುವುದಕ್ಕಾಗಿ. ಸತ್ತ ಯಂತ್ರ ಉತ್ತರಿಸುವುದಿಲ್ಲ. ಉತ್ತರ ಬಾರದಿದ್ದರೆ ಕರೆದವನು ಕಾಯುತ್ತಾನೆ, ಕೆಲವೊಮ್ಮೆ ನಿಮಿಷಗಟ್ಟಲೆ. ಪಕ್ಕದ ಮನೆಯವರು ಕಿಟಕಿ ತೆರೆದು ‘ಅವರು ಮನೆಯಲ್ಲಿಲ್ಲ’ ಎಂದುಬಿಟ್ಟರೆ ಅತಿಥಿ ಕರೆಗಂಟೆ ಒತ್ತುತ್ತಾ ನಿಲ್ಲದೆ ಮುಂದಿನ ಬಾಗಿಲಿಗೆ ಹೋಗುತ್ತಾನೆ. ಸೇವೆ ನಿಲ್ಲದಂತೆ ನೋಡಿಕೊಳ್ಳುವುದರಲ್ಲಿ ಬೇಗನೆ ನಿರಾಕರಿಸುವುದಕ್ಕೂ ಇಷ್ಟು ಬೆಲೆಯಿದೆ.

ಕಾವಲುಗಾರನ ಪುಸ್ತಕವನ್ನು ತುಂಬುವವರು ಯಾರು? ಡೇಟಾಬೇಸ್ ತಾನೇ ತನ್ನ ಇರವನ್ನು ಲಿಸನರ್‌ಗೆ ತಿಳಿಸುತ್ತದೆ. ಹಿಂದೆ ಪಿಮಾನ್ ಎಂಬ ಹಿನ್ನೆಲೆ ಪ್ರಕ್ರಿಯೆಯೂ, 12ಸಿ ಆವೃತ್ತಿಯಿಂದೀಚೆಗೆ ಎಲ್‌ರೆಗ್ ಎಂಬುದೂ ಈ ಕೆಲಸ ಮಾಡುತ್ತವೆ. ತನ್ನ ಕಟ್ಟಡದ ಕಾವಲುಗಾರ ಯಾರು, ಮುಖ್ಯ ಗೇಟಿನವರು ಯಾರು ಎಂಬುದನ್ನು ಡೇಟಾಬೇಸಿಗೆ ‘ಲೋಕಲ್ ಲಿಸನರ್’, ‘ರಿಮೋಟ್ ಲಿಸನರ್’ ಎಂಬ ಎರಡು ಸಾಲುಗಳಲ್ಲಿ ಬರೆದು ತಿಳಿಸಬೇಕು. ಎರಡನೆಯ ಸಾಲು ತಪ್ಪಿದರೆ ಡೇಟಾಬೇಸ್ ಆರೋಗ್ಯವಾಗಿರುತ್ತದೆ, ಲಿಸನರ್ ಎಚ್ಚರವಾಗಿರುತ್ತದೆ, ಆದರೂ ಬಂದವರಿಗೆಲ್ಲ ‘ಅಂಥವರು ಇಲ್ಲಿಲ್ಲ’ ಎಂಬ ಉತ್ತರ ದೊರೆಯುತ್ತದೆ. ಈ ಉದ್ಯೋಗದಲ್ಲಿರುವ ನಮ್ಮ ಮಕ್ಕಳನ್ನು ‘ಓರಾ-12514’ ಎಂದರೇನೆಂದು ಕೇಳಿ ನೋಡಿ. ಮುಖದಲ್ಲಿ ಒಂದು ಬಗೆಯ ದಣಿವು ಕಾಣಿಸಿಕೊಂಡರೆ ಅಚ್ಚರಿಪಡಬೇಕಾಗಿಲ್ಲ.

ಒಂದು ಸ್ವಂತ ಅನುಭವವನ್ನು ಇಲ್ಲಿ ಹೇಳಬೇಕು. ಅನೇಕ ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಹಣಕಾಸು ಸಂಸ್ಥೆಯೊಂದು ಎರಡು ಸರ್ವರ್‌ಗಳ ಕ್ಲಸ್ಟರನ್ನು ದೊಡ್ಡ ಮೊತ್ತ ತೆತ್ತು ಸ್ಥಾಪಿಸಿತು. ಒಂದು ಶನಿವಾರ ರಾತ್ರಿ ಪರೀಕ್ಷೆ ಏರ್ಪಾಡಾಯಿತು. ಮಾರಾಟಗಾರರ ಪ್ರತಿನಿಧಿಗಳು, ಹಿರಿಯ ಅಧಿಕಾರಿಗಳು, ಎಲ್ಲರೂ ಸೇರಿದ್ದರು. ಮೊದಲ ಸರ್ವರಿನ ವಿದ್ಯುತ್ತನ್ನು ಕಡಿಯಲಾಯಿತು. ಒಂದು ನಿಮಿಷದೊಳಗೆ ಎರಡನೆಯ ಸರ್ವರ್ ಎಲ್ಲ ಹೊಣೆಯನ್ನೂ ಹೊತ್ತುಕೊಂಡಿತು. ಪರದೆಯ ಮೇಲೆ ಹಸಿರು ಬಣ್ಣ ಮೂಡಿತು, ಚಪ್ಪಾಳೆಯಾಯಿತು, ತರಿಸಿಟ್ಟಿದ್ದ ಇಡ್ಲಿ–ವಡೆ ಹಂಚಲಾಯಿತು. ಎಲ್ಲರೂ ಹೊರಡುವ ಹೊತ್ತಿಗೆ ಒಬ್ಬ ಕಿರಿಯ ಸಿಬ್ಬಂದಿ, ಯಾರೂ ಹೇಳದಿದ್ದರೂ, ಒಂದು ಶಾಖೆಯ ಕಂಪ್ಯೂಟರಿನಿಂದ ಒಳಬರಲು ಯತ್ನಿಸಿದ. ಬರಲಾಗಲಿಲ್ಲ. ಇನ್ನೊಂದು ಶಾಖೆಯಿಂದಲೂ ಆಗಲಿಲ್ಲ.

ಬೆಳಗಿನ ಜಾವದವರೆಗೆ ಹುಡುಕಿದ ಮೇಲೆ ತಿಳಿದದ್ದು ಇಷ್ಟು. ಶಾಖೆಗಳ ತಂತ್ರಾಂಶದ ಸಂಪರ್ಕ ಕಡತದಲ್ಲಿ ಸಮೂಹದ ಹೆಸರಿನ ಬದಲು ಮೊದಲ ಸರ್ವರಿನ ಸ್ವಂತ ವಿಳಾಸವನ್ನೇ ಅಂಕಿಗಳಲ್ಲಿ ಬರೆಯಲಾಗಿತ್ತು. ಬರೆದಾತ ಸಂಸ್ಥೆ ಬಿಟ್ಟು ಎರಡು ವರ್ಷಗಳಾಗಿದ್ದವು. ಸರ್ವರ್‌ಗಳು ತಮ್ಮ ಪಾಠವನ್ನು ಸರಿಯಾಗಿ ಒಪ್ಪಿಸಿದ್ದವು. ಶಾಖೆಗಳು ಮಾತ್ರ ವಿದ್ಯುತ್ತಿಲ್ಲದ ಯಂತ್ರದ ಬಾಗಿಲನ್ನು ಬಡಿಯುತ್ತಿದ್ದವು. ನಾವೆಲ್ಲ ಪರೀಕ್ಷಿಸಿದ್ದು ಒಳಗಿನಿಂದ, ಗ್ರಾಹಕ ಬರುವುದು ಹೊರಗಿನಿಂದ. ಆ ಹುಡುಗ ಅಂದು ಸುಮ್ಮನೆ ಮನೆಗೆ ಹೋಗಿದ್ದರೆ ಈ ತಪ್ಪು ನಿಜವಾದ ಅವಘಡದ ದಿನ, ಬಹುಶಃ ಸಂಬಳದ ದಿನ, ಬೆಳಕಿಗೆ ಬರುತ್ತಿತ್ತು. ಸೋಮವಾರದ ವರದಿಯಲ್ಲಿ ಪರೀಕ್ಷೆ ‘ಯಶಸ್ವಿ’ ಎಂದೇ ದಾಖಲಾಯಿತು ಎಂಬುದನ್ನೂ ಹೇಳಿಬಿಡುತ್ತೇನೆ.

ಸರ್ವರ್‌ಗಳು ಒಂದೇ ಕೋಣೆಯಲ್ಲಿರದೆ ಎರಡು ಊರುಗಳಲ್ಲಿದ್ದರೆ ಸಮಸ್ಯೆಗೆ ಇನ್ನೊಂದು ಮುಖ ಬರುತ್ತದೆ. ಎಸ್‌ಕ್ಯೂಎಲ್ ಸರ್ವರಿನ 2012ರ ಆವೃತ್ತಿಯಿಂದ ‘ಆಲ್ವೇಸ್ ಆನ್’ ಸಮೂಹಗಳಿಗೂ ಒಂದು ಲಿಸನರ್ ಹೆಸರು ಕೊಡಬಹುದು. ಆ ಹೆಸರಿನ ಮುಂದೆ ಎರಡೂ ಊರುಗಳ ವಿಳಾಸಗಳನ್ನು ದಾಖಲಿಸುವುದು ಒಂದು ಕ್ರಮ. ಆದರೆ ಹಳೆಯ ಬಗೆಯ ತಂತ್ರಾಂಶ ಒಂದಾದ ಮೇಲೊಂದರಂತೆ ವಿಳಾಸಗಳನ್ನು ತಟ್ಟುತ್ತದೆ. ವಿಂಡೋಸ್ ವ್ಯವಸ್ಥೆಯಲ್ಲಿ ಒಂದು ಮೌನ ವಿಳಾಸಕ್ಕಾಗಿ ಸುಮಾರು 21 ಸೆಕೆಂಡು ಕಾಯುವುದು ವಾಡಿಕೆ, ತಂತ್ರಾಂಶದ ತಾಳ್ಮೆಯೋ ಬಹುಪಾಲು 15 ಸೆಕೆಂಡು. ಎರಡನೆಯ ಬಾಗಿಲಿಗೆ ಹೋಗುವ ಮೊದಲೇ ಅದು ಸೋತು ಹಿಂದಿರುಗುತ್ತದೆ. ಎರಡೂ ವಿಳಾಸಗಳನ್ನು ಏಕಕಾಲಕ್ಕೆ ತಟ್ಟುವಂತೆ ಸೂಚಿಸುವ ಒಂದೇ ಒಂದು ಪದವನ್ನು ಸಂಪರ್ಕ ಸಾಲಿನಲ್ಲಿ ಸೇರಿಸಿದರೆ ಈ ತೊಂದರೆ ತಪ್ಪುತ್ತದೆ.

ಜೀವಂತವಾಗಿರುವ ಊರಿನ ವಿಳಾಸವೊಂದನ್ನೇ ದಾಖಲಿಸುವುದು ಇನ್ನೊಂದು ಕ್ರಮ. ಆಗ ಸ್ಥಾನ ಬದಲಾದಾಗ ಡಿಎನ್‌ಎಸ್ ದಾಖಲೆಯೂ ಬದಲಾಗಬೇಕು. ಕರೆಯುವ ಕಂಪ್ಯೂಟರುಗಳು ಹಳೆಯ ವಿಳಾಸವನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದೆಂಬ ಅವಧಿಯನ್ನು ಯಾರೂ ತಿದ್ದದಿದ್ದರೆ ಅದು 1200 ಸೆಕೆಂಡು, ಅಂದರೆ 20 ನಿಮಿಷ. ಡೇಟಾಬೇಸ್ ಹತ್ತು ಸೆಕೆಂಡಿನಲ್ಲಿ ಎರಡನೆಯ ಊರಿನಲ್ಲಿ ಸಿದ್ಧವಾಗಿ ಕುಳಿತಿದ್ದರೂ ಗ್ರಾಹಕ ಇಪ್ಪತ್ತು ನಿಮಿಷ ಹಳೆಯ ಊರಿನ ದಾರಿಯಲ್ಲೇ ಅಲೆಯಬಹುದು. ಕೋಟಿ ರೂಪಾಯಿಯ ಯಂತ್ರಗಳ ಫಲವನ್ನು ಒಂದು ಅಂಕಿ ನುಂಗಿಹಾಕುವುದೆಂದರೆ ಹೀಗೆ.

ಮುಂಬಯಿಯ ಓದುಗರಿಗೆ 2021ರ ಫೆಬ್ರವರಿ 24 ನೆನಪಿರಬಹುದು. ಅಂದು ಬೆಳಿಗ್ಗೆ 11 ಗಂಟೆ 40 ನಿಮಿಷಕ್ಕೆ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ವಹಿವಾಟು ಸ್ಥಗಿತಗೊಂಡು, ಮಧ್ಯಾಹ್ನ 3 ಗಂಟೆ 45 ನಿಮಿಷಕ್ಕೆ ಪುನರಾರಂಭವಾಗಿ ಸಂಜೆ 5ರವರೆಗೆ ನಡೆಯಿತು. ದೂರಸಂಪರ್ಕ ಕೊಂಡಿಗಳು ಅಸ್ಥಿರಗೊಂಡದ್ದು ಮತ್ತು ದತ್ತಾಂಶ ಸಂಗ್ರಹ ವ್ಯವಸ್ಥೆ ಅನಿರೀಕ್ಷಿತವಾಗಿ ವರ್ತಿಸಿದ್ದು ಇದಕ್ಕೆ ಕಾರಣವೆಂದು ಕೇಂದ್ರವು ತಿಳಿಸಿತು. ಇಲ್ಲಿ ದೋಷ ಲಿಸನರಿನದಲ್ಲ ಎಂಬುದನ್ನು ಸ್ಪಷ್ಟಪಡಿಸಬೇಕು. ಆದರೆ ಚೆನ್ನೈಯಲ್ಲಿ ಪರ್ಯಾಯ ಕೇಂದ್ರ ಸಿದ್ಧವಾಗಿದ್ದರೂ ವಹಿವಾಟನ್ನು ಅಲ್ಲಿಗೆ ವರ್ಗಾಯಿಸಲಿಲ್ಲ ಎಂಬುದೇ ಅಂದಿನ ಚರ್ಚೆಯ ಕೇಂದ್ರವಾಗಿತ್ತು. ಎರಡನೆಯ ಮನೆ ಇದ್ದೂ ಅಲ್ಲಿಗೆ ಅತಿಥಿಗಳನ್ನು ಕಳುಹಿಸುವ ಧೈರ್ಯ ಇಲ್ಲದಿದ್ದರೆ ಆ ಮನೆ ಕಟ್ಟಿದ್ದರ ಪ್ರಯೋಜನವೇನು?

ಮುಂದಿನ ತಿಂಗಳೇ, ಮಾರ್ಚ್ 22ರಂದು, ಸೆಬಿ ಈ ಬಗ್ಗೆ ಬಿಗಿಯಾದ ನಿಯಮ ಹೊರಡಿಸಿತು. ನಿರ್ಣಾಯಕ ವ್ಯವಸ್ಥೆ ಕೆಟ್ಟ 30 ನಿಮಿಷದೊಳಗೆ ಅದನ್ನು ವಿಪತ್ತೆಂದು ಘೋಷಿಸಬೇಕು, ಘೋಷಣೆಯ ತರುವಾಯ 45 ನಿಮಿಷದೊಳಗೆ ಪರ್ಯಾಯ ಕೇಂದ್ರದಿಂದ ಕಾರ್ಯಾರಂಭವಾಗಬೇಕು. 2024ರ ಮಾರ್ಚ್ 2 ಮತ್ತು ಮೇ 18ರ ಶನಿವಾರಗಳಂದು ಷೇರುಪೇಟೆಯ ವಿಶೇಷ ಅಧಿವೇಶನ ನಡೆದುದನ್ನು ಕಂಡು ಅನೇಕರು ‘ರಜಾದಿನವೂ ವ್ಯಾಪಾರವೇ’ ಎಂದು ಹುಬ್ಬೇರಿಸಿದ್ದರು. ಅದು ವ್ಯಾಪಾರದ ಆಸೆಯಿಂದ ನಡೆದುದಲ್ಲ. ಮೊದಲ ಅವಧಿಯನ್ನು ಮೂಲ ಕೇಂದ್ರದಿಂದಲೂ ಎರಡನೆಯ ಅವಧಿಯನ್ನು ಪರ್ಯಾಯ ಕೇಂದ್ರದಿಂದಲೂ ನಡೆಸಿ, ನಿಜವಾದ ಗ್ರಾಹಕರು ನಿಜವಾದ ಹಣದೊಂದಿಗೆ ಹೊಸ ಬಾಗಿಲಿನಿಂದ ಒಳಬರಬಲ್ಲರೇ ಎಂದು ನೋಡಿದ ತಾಲೀಮು ಅದು. ನನ್ನ ಅಭಿಪ್ರಾಯದಲ್ಲಿ ಈ ಎರಡು ಶನಿವಾರಗಳು ಆ ವರ್ಷದ ಅತ್ಯಂತ ವಿವೇಕದ ವಹಿವಾಟಿನ ದಿನಗಳು.

ಕಾವಲುಗಾರನ ವಿಚಾರದಲ್ಲಿ ಮರೆಯಬಾರದ ಇನ್ನೊಂದು ಅಪಾಯವಿದೆ. ಅವನು ಯಾರ ಮಾತನ್ನು ನಂಬಬೇಕು? ಡೇಟಾಬೇಸ್ ತಾನೇ ಬಂದು ಹೆಸರು ನೋಂದಾಯಿಸುತ್ತದೆ ಎಂದೆವಷ್ಟೆ. ದೀರ್ಘಕಾಲ ಒರಾಕಲ್ ಲಿಸನರ್ ಹಾಗೆ ಬಂದವರು ಯಾರೆಂದು ವಿಚಾರಿಸುತ್ತಲೇ ಇರಲಿಲ್ಲ. ಜಾಲದೊಳಗಿನ ಯಾವುದೇ ಅಪರಿಚಿತ ಯಂತ್ರ ‘ನಾನೂ ಅದೇ ಮನೆಯವನು’ ಎಂದರೆ ಪುಸ್ತಕದಲ್ಲಿ ಬರೆದುಕೊಂಡು, ಅತಿಥಿಗಳಲ್ಲಿ ಕೆಲವರನ್ನು ಅವನ ಕಡೆಗೂ ಕಳುಹಿಸುತ್ತಿತ್ತು. ಭಾರ ಹಂಚಿಕೆಗೆಂದು ಕಲ್ಪಿಸಿದ ಅನುಕೂಲವೇ ಕಳ್ಳನಿಗೂ ಅನುಕೂಲವಾಯಿತು. ಸ್ಪೇನಿನ ಭದ್ರತಾ ಸಂಶೋಧಕರೊಬ್ಬರು 2008ರಲ್ಲಿ ಇದನ್ನು ಸಂಸ್ಥೆಯ ಗಮನಕ್ಕೆ ತಂದರು. 2012ರ ಏಪ್ರಿಲ್‌ನಲ್ಲಿ, ದೋಷ ಪರಿಹಾರವಾಗಿದೆಯೆಂದು ಭಾವಿಸಿ, ಅವರು ವಿವರಗಳನ್ನು ಬಹಿರಂಗಗೊಳಿಸಿದರು. ಆಗ ತಿಳಿದುಬಂದದ್ದು, ಬಳಕೆಯಲ್ಲಿದ್ದ ಆವೃತ್ತಿಗಳಲ್ಲಿ ದೋಷ ಹಾಗೆಯೇ ಇದೆಯೆಂದು! ತಿಂಗಳಾಂತ್ಯಕ್ಕೆ ಸಂಸ್ಥೆ ತುರ್ತು ಸೂಚನೆ ಹೊರಡಿಸಬೇಕಾಯಿತು. ‘ಟಿಎನ್‌ಎಸ್ ಪಾಯ್ಸನ್’ ಎಂದು ಹೆಸರಾದ ಈ ದೋಷಕ್ಕೆ ಮದ್ದು ಸರಳವಾದದ್ದು: ನೋಂದಾಯಿಸಿಕೊಳ್ಳಬಹುದಾದ ಸರ್ವರ್‌ಗಳ ಪಟ್ಟಿಯನ್ನು ಮೊದಲೇ ನಿಗದಿಪಡಿಸುವುದು. 12ಸಿ ಆವೃತ್ತಿಯಿಂದ ಈ ತಪಾಸಣೆ ತಾನಾಗಿ ಜಾರಿಯಲ್ಲಿರುತ್ತದೆ. ಹಳೆಯ ಆವೃತ್ತಿಯನ್ನೇ ನೆಚ್ಚಿಕೊಂಡಿರುವ ಕಡೆಗಳಲ್ಲಿ ಯಾರಾದರೂ ಕೈಯಾರೆ ಬರೆದರೆ ಉಂಟು, ಇಲ್ಲವಾದರೆ ಇಲ್ಲ.

ವಿಳಾಸ ಬದಲಾದಾಗ ಏನಾಗುತ್ತದೆಂಬುದಕ್ಕೆ ಕರಾವಳಿ ಮೂಲದ ಕುಟುಂಬಗಳಿಗೆ ದೂರದ ಉದಾಹರಣೆ ಬೇಕಾಗಿಲ್ಲ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿಯೂ, 2020ರ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನಗೊಂಡವು. ನಮ್ಮ ಹಣ ಎಲ್ಲಿಯೂ ಹೋಗಲಿಲ್ಲ, ಶಾಖೆಯೂ ಬಹಳ ಕಡೆ ಅದೇ ಕಟ್ಟಡದಲ್ಲಿ ಉಳಿಯಿತು. ಬದಲಾದದ್ದು ಐಎಫ್‌ಎಸ್‌ಸಿ ಸಂಕೇತ. ಸಿಂಡಿಕೇಟ್ ಬ್ಯಾಂಕಿನ ಹಳೆಯ ಸಂಕೇತಗಳು 2021ರ ಜುಲೈ 1ರಿಂದ ನಡೆಯದಾದವು. ಕೆನರಾ ಬ್ಯಾಂಕಿನವರು ತಮ್ಮ ಪಾಲಿನ ಬದಲಾವಣೆ ಮಾಡಿಕೊಂಡು ಗ್ರಾಹಕರಿಗೆ ಮುಂಚಿತವಾಗಿಯೇ ತಿಳಿಸಿದ್ದರು. ಆದರೆ ನಮ್ಮ ಹಣ ಕಳುಹಿಸುವವರ ಪಟ್ಟಿಗಳಲ್ಲಿ, ಅಂದರೆ ಲಾಭಾಂಶ ನೀಡುವ ಕಂಪನಿ, ಬಾಡಿಗೆ ಕೊಡುವಾತ, ಪರದೇಶದ ಮಗ ಇವರೆಲ್ಲರ ಬಳಿ ಇದ್ದ ಹಳೆಯ ವಿಳಾಸಗಳನ್ನು ತಿದ್ದಿಸುವ ಹೊಣೆ ನಮ್ಮ ಮೇಲೆಯೇ ಬಂದಿತ್ತು. ಶಾಖೆಗಳ ಸಂಪರ್ಕ ಕಡತದಲ್ಲಿ ಸತ್ತ ಸರ್ವರಿನ ವಿಳಾಸ ಉಳಿದುಹೋದ ನನ್ನ ಶನಿವಾರದ ಕಥೆಗೂ ಇದಕ್ಕೂ ವ್ಯತ್ಯಾಸವಿಲ್ಲ. ಕರೆ ಸ್ವೀಕರಿಸುವವರ ಮನೆಯನ್ನು ಎಷ್ಟೇ ಭದ್ರಪಡಿಸಿದರೂ, ಕರೆಯುವವರ ಕೈಯಲ್ಲಿರುವ ಚೀಟಿಯನ್ನು ನೋಡದಿದ್ದರೆ ಕೆಲಸ ಅರ್ಧವೇ.

ಈ ದೃಷ್ಟಿಯಿಂದ ರಿಸರ್ವ್ ಬ್ಯಾಂಕಿನ ಈಚಿನ ಕ್ರಮಗಳು ಗಮನಾರ್ಹ. ಎಚ್‌ಡಿಎಫ್‌ಸಿ ಬ್ಯಾಂಕಿನ ಮೂಲ ದತ್ತಾಂಶ ಕೇಂದ್ರದಲ್ಲಿ ವಿದ್ಯುತ್ ವೈಫಲ್ಯದಿಂದ 2020ರ ನವೆಂಬರ್ 21ರಂದು ಸೇವೆ ಅಸ್ತವ್ಯಸ್ತಗೊಂಡ ನಂತರ, ಡಿಸೆಂಬರ್ 2ರ ಆದೇಶದಲ್ಲಿ ಹೊಸ ಕ್ರೆಡಿಟ್ ಕಾರ್ಡ್ ಗ್ರಾಹಕರನ್ನು ಸೇರಿಸದಂತೆ ತಡೆಯಲಾಯಿತು; ಎಲ್ಲ ನಿರ್ಬಂಧಗಳೂ ತೆರವಾದದ್ದು 2022ರ ಮಾರ್ಚ್‌ನಲ್ಲಿ. 2024ರ ಏಪ್ರಿಲ್‌ನಲ್ಲಿ ಕೋಟಕ್ ಮಹೀಂದ್ರಾ ಬ್ಯಾಂಕಿನ ಮೇಲೆ ಇಂತಹುದೇ ಕ್ರಮ ಜರುಗಿ 2025ರ ಫೆಬ್ರವರಿಯವರೆಗೆ ಮುಂದುವರಿಯಿತು. ದಂಡಕ್ಕಿಂತ ಈ ಬಗೆಯ ತಡೆ ಹೆಚ್ಚು ಪರಿಣಾಮಕಾರಿಯೆಂದು ನನಗೆ ತೋರುತ್ತದೆ. ಆದರೆ ದೊಡ್ಡ ಬ್ಯಾಂಕುಗಳ ಮೇಲೆ ಇರುವ ಈ ಕಣ್ಣು ಸಣ್ಣ ಸಂಸ್ಥೆಗಳ ಮೇಲೆ ಅಷ್ಟೇ ತೀಕ್ಷ್ಣವಾಗಿ ಬೀಳುವುದು ಕಷ್ಟ.

ಮುಂಬಯಿ, ಪುಣೆಗಳಲ್ಲಿ ನಮ್ಮವರು ಕಟ್ಟಿ ಬೆಳೆಸಿದ ಸಹಕಾರಿ ಬ್ಯಾಂಕುಗಳೂ ಕ್ರೆಡಿಟ್ ಸೊಸೈಟಿಗಳೂ ಅನೇಕವಿವೆ. ಅವುಗಳ ವಾರ್ಷಿಕ ಮಹಾಸಭೆಗೆ ಹೋಗುವ ಸದಸ್ಯರು ಲಾಭಾಂಶ ಎಷ್ಟು, ಉಡುಗೊರೆ ಏನು ಎಂದು ಕೇಳುವುದರ ಜತೆಗೆ ಇನ್ನು ಮೂರು ಪ್ರಶ್ನೆಗಳನ್ನು ಕೇಳಬಹುದು. ಕಳೆದ ವರ್ಷ ಪರ್ಯಾಯ ಸರ್ವರಿನಿಂದ ಒಂದು ಪೂರ್ಣ ದಿನವಾದರೂ ವ್ಯವಹಾರ ನಡೆಸಿ ನೋಡಿದ್ದೀರಾ? ಅಂದು ಎಷ್ಟು ಶಾಖೆಗಳಿಂದ ಒಳಬರಲಾಯಿತು, ಎಷ್ಟು ನಿಮಿಷ ಹಿಡಿಯಿತು? ಸಂಪರ್ಕ ಕಡತಗಳಲ್ಲಿ ಎಲ್ಲಿಯಾದರೂ ಸಮೂಹದ ಹೆಸರಿನ ಬದಲು ಯಂತ್ರದ ಅಂಕಿ ಉಳಿದಿದೆಯೇ ಎಂದು ಹುಡುಕಿಸಿದವರು ಯಾರು? ಇದಕ್ಕೆ ಹೊಸ ಯಂತ್ರ ಕೊಳ್ಳಬೇಕಾಗಿಲ್ಲ. ಒಂದು ರಜಾದಿನ, ತಿಳಿದ ಇಬ್ಬರು ಎಂಜಿನಿಯರುಗಳು ಮತ್ತು ದೂರದ ಶಾಖೆಯೊಂದರಲ್ಲಿ ಕುಳಿತು ಒಳಬರಲು ಯತ್ನಿಸುವ ಒಬ್ಬ ಕಿರಿಯ ಸಿಬ್ಬಂದಿ ಇದ್ದರೆ ಈ ಮೂರಕ್ಕೂ ಉತ್ತರ ಸಂಜೆಯೊಳಗೆ ದೊರೆಯುತ್ತದೆ.